ಮೊಬೈಲು ಒಲ್ಲೆನೆಂದ ಲಗ್ನಪತ್ರಿಕೆ

ನಾನು ನಾಸಿಕದ ಸಾತಪುರದಲ್ಲಿ ಮಗನ ಮನೆಯಲ್ಲಿದ್ದೇನೆ, ತಂಗಿ ಸಂಭಾಜಿನಗರದಲ್ಲಿ. ಅವಳ ಮಗಳಿಗೆ ಗಂಡು ನೋಡುತ್ತಿದ್ದರು. ನಮ್ಮ ಬೀದರ ಕಡೆ ದೊಡ್ಡವ್ವನನ್ನು, ಅಂದರೆ ತಾಯಿಯ ಅಕ್ಕನನ್ನು, ಬಿಟ್ಟು ಲಗ್ನದ ಮಾತು ಮುಗಿಸುವುದಿಲ್ಲ. ಹುಡುಗಿಗೆ ಮೊದಲು ಉಡಿ ತುಂಬುವಾಕೆ ಅವಳೇ.

ಒಂದು ಮುಂಜಾನೆ ತಂಗಿಯ ನಂಬರಿನಿಂದ ಮೊಬೈಲಿಗೆ ಲಗ್ನಪತ್ರಿಕೆ ಬಂತು. ಮನೆಯಲ್ಲಿ ಲಗ್ನ ಇದೆ, ಪತ್ರಿಕೆ ತೆರೆದು ನೋಡಿ, ತಪ್ಪದೆ ಬನ್ನಿ ಎಂದು ಹಿಂದಿಯಲ್ಲಿತ್ತು. ಸೊಸೆ ಓದಿ ಹೇಳಿದಳು. ಎಲ್ಲ ಮುಗಿಸಿ, ಊರಿಗೆ ಹಂಚಿದ ಹಾಗೆ ನನಗೂ ಒಂದು ಒಗೆದಿದ್ದಾಳೆ ಅಂದುಕೊಂಡೆ.

ದಿನ ಯಾವುದೆಂದು ನೋಡಲು ಒತ್ತಿದೆ. ತೆರೆಯಲಿಲ್ಲ. ಇದು ಪತ್ರಿಕೆ ಅಲ್ಲ, ಎಲ್ಲಿಂದಲೋ ಬಂದ ಆ್ಯಪು, ಹಾಕಲು ಮೊಬೈಲು ಬಿಡುತ್ತಿಲ್ಲ ಎಂದಳು ಸೊಸೆ. ಸೆಟ್ಟಿಂಗಿಗೆ ಹೋದರೆ ಆ ತಡೆಯ ಕೀಲಿ ತೆಗೆಯಬಹುದಂತೆ. ತೆಗಿ ಅಂದೆ.

“ಬ್ಯಾಡ್ರಿ ಅತ್ತಿ. ಕಂಪನಿಯವ್ರು ಸುಮ್ಮನ ತಡೀತಾರೇನ್ರಿ?”

“ಮೊಬೈಲ್ ನಂದು. ನನ್ನ ತಂಗಿ ಕರದರ ನಡುವ ಬ್ಯಾಡ ಅನ್ಲಿಕ್ಕ ಕಂಪನಿ ನನ್ನ ಅತ್ತಿ ಏನ?”

ಸೊಸೆ ನಕ್ಕಳು, ಕೀಲಿ ತೆಗೆಯಲಿಲ್ಲ. ಮೊದಲು ಸಣ್ಣತ್ತಿಗೆ, ಅಂದರೆ ನನ್ನ ತಂಗಿಗೆ, ಫೋನ್ ಮಾಡಿ ಕೇಳಿ ಅಂದಳು. ನನಗೆ ಮನಸ್ಸಿರಲಿಲ್ಲ. ಬೈಯಲಿಕ್ಕಾದರೂ ಆಯಿತೆಂದು ಮಾಡಿದೆ. ಗಂಡು ಯಾರು, ನನಗೆ ಹೇಳದೆ ಹೇಗೆ ಮುಗಿಸಿದೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅಕ್ಕಾ, ಗಂಡೇ ಸಿಕ್ಕಿಲ್ಲ. ಯಾರ ಲಗ್ನದ ಪತ್ರಿಕಿ ಅದು?”

ಹಿಂದಿನ ದಿನ ಅವಳಿಗೂ ಇಂಥದೇ ಬಂದಿತ್ತು. ಅವಳ ಗಂಡ ಯಾವುದೋ ಇಸ್ಪೀಟಿನ ಆ್ಯಪು ಹಾಕಲು ಕೀಲಿ ತೆಗೆದವನು ಹಾಗೆಯೇ ಬಿಟ್ಟಿದ್ದ. ಇವಳು ಒತ್ತಿದ್ದೇ ತಡ, ಕಳ್ಳ ಆ್ಯಪು ಒಳಹೊಕ್ಕು ಅವಳ ಹೆಸರಲ್ಲಿ ಎಲ್ಲರನ್ನೂ ಲಗ್ನಕ್ಕೆ ಕರೆಯಿತು. ಖುಲ್ತಾಬಾದಿನ ಗೆಳತಿಯೊಬ್ಬಳು ಹುಡುಗಿಗೆ ಯಾವ ಬಣ್ಣದ ಸೀರೆ ತರಲಿ ಎಂದು ಆಗಲೇ ಕೇಳಿದ್ದಳಂತೆ.

ತಂಗಿಯ ಮೊಬೈಲು ಕೆಟ್ಟದ್ದಕ್ಕೆ ಮರುಗಬೇಕಿತ್ತು. ಸುಳ್ಳು ಯಾಕೆ, ನನಗೆ ಹಗುರಾಯಿತು. ನನ್ನನ್ನು ಬಿಟ್ಟಿರಲಿಲ್ಲ.

ದುಡ್ಡು ಕೊಟ್ಟವರ ಮೊಬೈಲು, ಅವರಿಗೆ ಬೇಕಾದ್ದು ಹಾಕಿಕೊಳ್ಳಲಿ, ಕಂಪನಿ ಯಾರು ತಡೆಯಲಿಕ್ಕೆ ಎಂದು ಮಗ ಇನ್ನೂ ವಾದಿಸುತ್ತಾನೆ. ಅವನದೂ ಪೂರ್ತಿ ಸುಳ್ಳಲ್ಲ. ನಮ್ಮ ಭಜನಾ ಸಂಘದವರು ಮಾಡಿದ ಆ್ಯಪನ್ನೂ ಇದೇ ಮೊಬೈಲು ಒಲ್ಲೆ ಅಂದಿತ್ತು. ಸೊಸೆ ಸಂಘದವರನ್ನು ಕೇಳಿ ಖಾತ್ರಿ ಮಾಡಿಕೊಂಡು ಹಾಕಿಕೊಟ್ಟು, ಮತ್ತೆ ಕೀಲಿ ಜಡಿದಳು. ಕಂಪನಿ ಕೀಲಿ ಹಾಕಲಿ, ಕೀಲಿಕೈ ಮಾತ್ರ ನಮ್ಮ ಕೈಯಲ್ಲಿರಲಿ. ಅಷ್ಟೇ ನನ್ನ ಮಾತು.

ಅವತ್ತು ಫೋನ್ ಇಡುವ ಮುಂಚೆ ತಂಗಿ ಹೇಳಿದಳು, ರವಿವಾರ ಒಂದು ಗಂಡಿನ ಕಡೆಯವರು ಬರುತ್ತಾರೆ, ನೀನು ಬಂದು ನೋಡಿದ ಮೇಲೇ ಮಾತು ಎಂದು. ನಾನು ಶನಿವಾರವೇ ಬಸ್ಸು ಹತ್ತಿದೆ.