ಜೀಪು ನಿಂತ ಮನೆ

ನಮ್ಮ ತಾಲ್ಲೂಕಿನಲ್ಲಿ ಮಲೇರಿಯಾ ಮುಗಿದೇಹೋಯಿತೆಂದು ಆರೋಗ್ಯ ಇಲಾಖೆಯವರು ನೆಮ್ಮದಿಯಾಗಿದ್ದರು. ಆ ನೆಮ್ಮದಿ ಕೆಡಿಸಿದವರು ನನ್ನ ಗಂಡ. ಹಿರಿಯೂರು ಕಡೆಯ ನಮ್ಮ ಹಳ್ಳಿಯಿಂದ ಬೋರ್‌ವೆಲ್ ಲಾರಿಯ ಜೊತೆ ಯಾವುದೋ ದೂರದ ಕಾಡುಸೀಮೆಗೆ ದುಡಿಯಲು ಹೋದವರು ನಡುಗುವ ಜ್ವರ ಹೊತ್ತುಕೊಂಡು ಬಂದರು. ರಕ್ತಪರೀಕ್ಷೆಯಾದ ಮರುದಿನವೇ ನಮ್ಮ ಬಾಗಿಲಿಗೆ ಜೀಪು ಬಂದು ನಿಂತಿತು.

ಅವರನ್ನು ವಾಸಿ ಮಾಡಿದರು, ಅದಕ್ಕೆ ಈಗಲೂ ಕೈ ಮುಗಿಯುತ್ತೇನೆ. ಆಶಾ ಕಾರ್ಯಕರ್ತೆ ದಿನಾ ಬೆಳಿಗ್ಗೆ ಬಂದು ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡಿಯೇ ಹೋಗುತ್ತಿದ್ದರು. ಆದರೆ ಜೀಪು ನಮ್ಮೊಬ್ಬರನ್ನೇ ಹಿಡಿಯಲಿಲ್ಲ. ಬೀದಿಯವರೆಲ್ಲರ ಬೆರಳು ಚುಚ್ಚಿದರು, ನೀರು ತುಂಬಿದ ತೊಟ್ಟಿಗಳನ್ನು ಖಾಲಿ ಮಾಡಿಸಿದರು, ಪ್ರತಿ ಮನೆಯ ಒಳಗೋಡೆಗೂ ಔಷಧಿ ಹೊಡೆದರು. ಅದಕ್ಕಾಗಿ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹಾಕಬೇಕು, ಸಂಜೆ ಮತ್ತೆ ಒಳಗೆ ಸಾಗಿಸಬೇಕು. ಎದುರುಮನೆಯ ಅಜ್ಜಿ ಚುಚ್ಚಿಸಿಕೊಂಡ ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದು, "ನೋಡವ್ವ, ನಿನ್ ಗಂಡ ತಂದ ಪ್ರಸಾದ" ಅಂದಳು. ನಗುತ್ತಲೇ ಅಂದಳು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಹೆಪ್ಪಿಗೆಂದು ನಮ್ಮ ಮನೆಗೆ ಮಜ್ಜಿಗೆ ಕೇಳಿಕೊಂಡು ಬರುವವರೂ ಬರುವುದನ್ನು ನಿಲ್ಲಿಸಿದರು.

ಜೀಪಿನ ಸಾಹೇಬರನ್ನು ಒಮ್ಮೆ ಕೇಳಿಯೇಬಿಟ್ಟೆ, ಒಂದು ಜ್ವರಕ್ಕೆ ಇಷ್ಟೆಲ್ಲ ಯಾಕೆ ಎಂದು.

"ಒಬ್ರಿಗೋಸ್ಕರ ಸರ್ಕಾರ ಎಷ್ಟು ಖರ್ಚು ಮಾಡ್ತೈತೆ ಗೊತ್ತೇನಮ್ಮ? ಒಂದು ಕೇಸ್ ಉಳಿದ್ರೂ ಮತ್ತೆ ಊರೆಲ್ಲ ಹಬ್ಬುತ್ತೆ," ಅಂದರು. "ಈ ಗೋಡೆಗೆ ಎರಡು ಮೂರು ತಿಂಗ್ಳು ಸುಣ್ಣ ಬಳೀಬ್ಯಾಡ್ರಿ."

ಆ ಮನುಷ್ಯ ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾಗಿ ಮಾತಾಡುವವರ ಮೇಲೆ ಸಿಟ್ಟು ಮಾಡುವುದೂ ಕಷ್ಟ.

ಆದರೆ ಅದೇ ವಾರ ಹೊಸದುರ್ಗದಿಂದ ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಈ ಸಂಬಂಧ ಕೂಡಿಬರಲೆಂದು ಅತ್ತೆ ಹಾಲುರಾಮೇಶ್ವರದ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳಿ ಬಂದಿದ್ದರು. ನೀಲಿ ಬೆರೆಸಿ ಸುಣ್ಣ ಬಳಿದಿದ್ದ ಗೋಡೆಯ ಮೇಲೆ ಈಗ ಔಷಧಿ ಬೆಳ್ಳಗೆ ಸೋರಿ ಒಣಗಿತ್ತು. ನಮ್ಮ ಕಡೆ ಗೋಡೆಗೆ ಸುಣ್ಣ ಕಾಣಿಸದೆ ಹೆಣ್ಣು ತೋರಿಸುವುದುಂಟೇ? ಹಿಂದಿನ ದಿನವೇ ಅತ್ತೆ ಸೆರಗು ಸಿಕ್ಕಿಸಿಕೊಂಡು, ಯಾರ ಮಾತನ್ನೂ ಕೇಳದೆ, ನಡುಮನೆಗೆಲ್ಲ ಸುಣ್ಣ ಬಳಿದುಬಿಟ್ಟರು.

ಮರುದಿನ ಗೋಡೆ ನೋಡಿಕೊಂಡು ಹೋಗಲು ಜೀಪು ಬಂತು. ಔಷಧಿ ಹೊಡೆಯುವವನು ಗೋಡೆ ಸವರಿ ಕೈ ನೋಡಿಕೊಂಡ.

"ಏನಮ್ಮ, ಹೊಡೆದಿದ್ದೆಲ್ಲ ಸುಣ್ಣದಡಿಗೆ ಹೋತಲ್ಲ! ತಗೀರಿ ಸಾಮಾನು, ಮತ್ತೆ ಹೊಡೀಬೇಕು."

"ಇವತ್ತೊಂದಿನ ಬಿಡಪ್ಪ, ನಾಳೆ ಬರ್ರಿ," ಅತ್ತೆ ಅವನ ಕೈ ಹಿಡಿದರು.

"ನಾಳೆ ನಾವು ಹೊಳಲ್ಕೆರೆಗೆ ಹೋಗ್ಬೇಕಮ್ಮ."

ಸಾಮಾನೆಲ್ಲ ಅಂಗಳಕ್ಕೆ ಬಂತು. ಹಾಸಿಗೆ, ಕೊಡ, ದೇವರ ಫೋಟೊ, ತಟ್ಟೆ ಮುಚ್ಚಿದ ಕೇಸರಿಬಾತಿನ ಪಾತ್ರೆ. ಅಷ್ಟರಲ್ಲಿ ಜೀಪಿನ ಹಿಂದೆಯೇ ಗಂಡಿನವರ ಕಾರು ಬಂದು ನಿಂತಿತು.

"ಮನೆ ಖಾಲಿ ಮಾಡ್ತಿದೀರೇನು?" ಎಂದು ಹುಡುಗನ ತಂದೆ ಕೇಳಿದರು. ಯಾಕೆಂದು ಹೇಳುವ ಕೆಲಸವನ್ನು ಎದುರುಮನೆಯ ಅಜ್ಜಿ ಸಂತೋಷವಾಗಿ ಮಾಡಿದಳು. ಹುಡುಗನ ತಾಯಿ ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ಕುಂತ್ಕಳ್ರಿ, ಕುಂತ್ಕಳ್ರಿ" ಎಂದು ಅತ್ತೆ ಅನ್ನುತ್ತಲೇ ಇದ್ದರು. ಎಲ್ಲಿ ಕೂರುವುದು? ಇನ್ನೊಂದು ಒಳ್ಳೆಯ ದಿನ ನೋಡಿ ಬರುತ್ತೇವೆಂದು ಹೇಳಿ, ನೀರೂ ಕುಡಿಯದೆ ಹೊರಟರು. ನಮ್ಮಲ್ಲಿ ನೀರು ಮುಟ್ಟದೆ ಎದ್ದರೆಂದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ರೇಷ್ಮೆ ಸೀರೆ ಉಟ್ಟು, ಸುತ್ತಿಟ್ಟ ಹಾಸಿಗೆಯ ಮೇಲೆ ಕೂತಿದ್ದ ನಾದಿನಿ ಅಳಲಿಲ್ಲ. ಎದ್ದು ಕೇಸರಿಬಾತನ್ನು ಔಷಧಿ ಹೊಡೆಯುವವರಿಗೆ ಹಂಚಿದಳು.

ಗುಣವಾದ ಮೇಲೆ ಗಂಡ ಮತ್ತೆ ಅದೇ ಲಾರಿ ಹತ್ತಿದರು. ಅವರಿಗೆ ಗೊತ್ತಿರುವ ಕೆಲಸ ಅದೊಂದೇ. ಈಗ ನಾದಿನಿಗೆ ಮದಕರಿಪುರದಿಂದ ಇನ್ನೊಂದು ಸಂಬಂಧ ಬಂದಿದೆ, ಭಾನುವಾರ ಬರುತ್ತಾರೆ. ನಿನ್ನೆ ಸಂಜೆ ಗಂಡನ ಫೋನು ಬಂತು. ಅತ್ತೆ ಎತ್ತಿದರು.

"ಯವ್ವ, ಮೈ ಯಾಕೋ ಹಂಗೇ ನಡುಗ್ತೈತೆ. ಊರಿಗೆ ಬರ್ಲಾ?"

ಅತ್ತೆ ನಡುಮನೆಯ ಗೋಡೆಯತ್ತ ನೋಡಿದರು. "ಅಲ್ಲೇ ಇರಪ್ಪ," ಅಂದರು. "ವಾಸಿ ಮಾಡ್ಕಂಡೇ ಬಾ."

ಹೆತ್ತ ತಾಯಿಯ ಬಾಯಲ್ಲಿ ಇಂಥ ಮಾತು ಬಂದೀತೆಂದು ನಾನು ಎಣಿಸಿರಲಿಲ್ಲ. ಫೋನು ಕಿತ್ತುಕೊಂಡೆ. "ಇವತ್ತೇ ಬಸ್ ಹತ್ರಿ. ಜೀಪು ಬಂದ್ರೆ ಬರ್ಲಿ!"

"ಬ್ಯಾಡ ಬಿಡೇ, ತಂಗೀದು ಮುಗೀಲಿ."

"ಹಂಗಾದ್ರೆ ಅಲ್ಲೇ ರಕ್ತ ತೋರಿಸ್ರಿ. ನಿಮ್ ಕಾಲಿಗೆ ಬೀಳ್ತೀನಿ."

ಅವರು ನಕ್ಕರು. ಹಲ್ಲು ಕಟಕಟ ಅನ್ನುವುದು ನನಗೆ ಕೇಳಿಸಿತು. "ಲಾರೀಲಿರೋ ಎಲ್ರಿಗೂ ಜ್ವರನೇ ಕಣೇ. ಈ ಕಾಡಿಗೆ ಯಾವ ಜೀಪು ಬರ್ತೈತೆ?"

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆ. ಅತ್ತೆ ಕಣ್ಣೊರೆಸಿಕೊಳ್ಳುತ್ತ ಸುಣ್ಣ ಕಲಸುತ್ತಿದ್ದರು.