ಬದಲಿಗೆ ಕೊಟ್ಟ ಅವ್ವ

ಹೋದ ವಾರ ಹುಮನಾಬಾದಿನ ನಮ್ಮ ಮನೆಗೆ ಒಂದು ಮದುವೆ ಪತ್ರಿಕೆ ಬಂತು. ದಪ್ಪ ಕಾಗದ, ಮೂಲೆಯಲ್ಲಿ ಬಂಗಾರದ ಬಣ್ಣದ ಬಳ್ಳಿ, ಬಿಚ್ಚಿದೊಡನೆ ಅತ್ತರಿನ ವಾಸನೆ. ಯಾರ ಮದುವೆ, ಎಲ್ಲಿ ಎಂದು ಓದುವ ಮೊದಲೇ ನಾನು ಅದರ ಹಿಂಬದಿಯ ಖಾಲಿ ಜಾಗದ ಮೇಲೆ ಬೆರಳಾಡಿಸುತ್ತ, ಇದರಲ್ಲಿ ಚಿತ್ರ ಬರೆಯುವ ಎಷ್ಟು ಕಾರ್ಡು ಕತ್ತರಿಸಬಹುದು ಎಂದು ಅಂದಾಜು ಮಾಡುತ್ತಿದ್ದೆ. ಬಿಟ್ಟು ವರ್ಷಗಳಾದರೂ ಕೈಯಿಂದ ಆ ಚಟ ಹೋಗಿಲ್ಲ. ಚಟ ಹಚ್ಚಿದವಳು ಕಲ್ಯಾಣದ ಅಕ್ಕ.

ಬಸವಕಲ್ಯಾಣಕ್ಕೆ ನಮ್ಮಲ್ಲಿ ಬರೀ ಕಲ್ಯಾಣ ಎನ್ನುವುದೇ ರೂಢಿ. ಒಡಹುಟ್ಟಿದವಳಲ್ಲದಿದ್ದರೂ ನಾನು ಅಕ್ಕ ಎನ್ನುತ್ತಿದ್ದ ಆಕೆ ಅಲ್ಲಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ನಾನು ಇಲ್ಲಿ ವಿಜ್ಞಾನದ ಟೀಚರ್. ಶಿಕ್ಷಕರ ತರಬೇತಿಯೊಂದರಲ್ಲಿ ನನ್ನ ಪಕ್ಕ ಕೂತಿದ್ದವಳು, ಭಾಷಣ ಮುಗಿಯುವ ಲಕ್ಷಣ ಕಾಣದಿದ್ದಾಗ ಪರ್ಸಿನಿಂದ ಇಸ್ಪೀಟ್ ಎಲೆಯಷ್ಟು ದೊಡ್ಡ ರಟ್ಟಿನ ತುಂಡು ತೆಗೆದು, ಭಾಷಣಕಾರರ ಮೂಗನ್ನಷ್ಟೇ ಬರೆದು ನನ್ನ ಕೈಗಿಟ್ಟಳು.

"ಇದಕ್ಕ ಬದಲಿ ನೀ ಒಂದ್ ಕೊಡಬೇಕು ನೋಡು."

ನಾನು ನನ್ನ ಟಿಫಿನ್ ಡಬ್ಬಿ ಬರೆದುಕೊಟ್ಟೆ. ಅದು ಸೋರೆಕಾಯಿಯ ಹಾಗೆ ಕಾಣುತ್ತಿತ್ತು. ಆಕೆ ನಗಲಿಲ್ಲ, ಜೋಪಾನವಾಗಿ ಪರ್ಸಿನೊಳಗೆ ಇಟ್ಟುಕೊಂಡಳು. ನನಗೆ ಆಕೆಯ ಮೇಲೆ ನಂಬಿಕೆ ಹುಟ್ಟಿದ್ದು ಬಹುಶಃ ಆಗಲೇ...

ದೂರ ದೂರದ ದೇಶಗಳಲ್ಲಿ ಜನ ಹೀಗೆ ಪುಟ್ಟ ಚಿತ್ರಗಳನ್ನು ಮಾಡಿ ಬದಲಿಸಿಕೊಳ್ಳುತ್ತಾರೆ ಎಂದು ಆಕೆ ಮೊಬೈಲಿನಲ್ಲಿ ನೋಡಿದ್ದಳಂತೆ. ಕಾರ್ಡು ಮಾರಬಾರದು, ಬದಲಿ ಮಾತ್ರ. ಹಿಂಬದಿಗೆ ಬರೆದವರ ಹೆಸರು, ಊರು ಇರಬೇಕು. ಇದರ ಮೇಲೆ ಆಕೆಯೇ ಒಂದು ಕಟ್ಟಳೆ ಸೇರಿಸಿದ್ದಳು. ಕೊಡುವ ಮೊದಲು ಫೋಟೋ ತೆಗೆದುಕೊಳ್ಳುವಂತಿಲ್ಲ. "ಫೋಟೋ ಇಟ್ಕೊಂಡ್ರ ಅದು ಕೊಟ್ಟಂಗ ಹ್ಯಾಂಗಾಗ್ತದ?" ಎನ್ನುತ್ತಿದ್ದಳು.

ರವಿವಾರ ಒಮ್ಮೆ ನಾನು ರಾಜೇಶ್ವರ ದಾಟಿ ಕಲ್ಯಾಣಕ್ಕೆ ಹೋದರೆ ಇನ್ನೊಮ್ಮೆ ಆಕೆ ಇಲ್ಲಿಗೆ ಬರುತ್ತಿದ್ದಳು. ಹಳೆಯ ಮದುವೆ ಪತ್ರಿಕೆ ಕತ್ತರಿಸಿ ನಾನು ತೊಗರಿಬೇಳೆ ಅಂಟಿಸಿದೆ, ಬಸ್ ಸ್ಟ್ಯಾಂಡಿನ ನಾಯಿ ಬರೆದೆ. ಆಕೆ ಹರಿದ ಸೀರೆಯ ಜರಿಯಿಂದ ಹೊಲದ ಬದು ಮಾಡುತ್ತಿದ್ದಳು. ಕೆಲವೊಮ್ಮೆ ನಾರಾಯಣಪುರದ ಆಕೆಯ ತವರಿಗೆ ಹೋಗಿ, ಹಳೆಯ ಶಿವನ ಗುಡಿಯ ಕಟ್ಟೆಯ ಮೇಲೆ ಕೂತು ಕಂಬದ ಗೊಂಬೆಗಳನ್ನು ಬರೆಯುತ್ತಿದ್ದೆವು. ಆಕೆಯ ಅವ್ವ ನಮಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಿದ್ದರು. ಆ ವಯಸ್ಸಿನಲ್ಲೂ ಮುಷ್ಟಿಯಷ್ಟು ದಪ್ಪ ತುರುಬು ಅವರದು.

ನನ್ನ ಅವ್ವನಿಗೆ ಕಾಯಿಲೆ ಎಂದು ಗೊತ್ತಾದದ್ದು ನಮ್ಮ ಪರಿಚಯದ ಮರುವರ್ಷ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಔಷಧಿ ಶುರುವಾಗಿ ಕೂದಲೆಲ್ಲ ಉದುರಿತು. ಒಂದು ಮಧ್ಯಾಹ್ನ ಅವ್ವ ಮಂಚದ ಮೇಲೆ ಕೂತು, ರೂಢಿಯ ಬಲದಿಂದ ತಲೆ ಬಾಚುವ ಹಣಗಿ ಕೈಗೆತ್ತಿಕೊಂಡು, ಅದನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಹಿಡಿದುಕೊಂಡಳು. ಹಾಗೆ ಕೂತ ಅವ್ವನನ್ನು ನಾನು ಒಂದು ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದೆ. ನನ್ನ ಕೈಯಿಂದ ಅಂಥದ್ದು ಮತ್ತೆ ಬರಲಿಲ್ಲ. ಅವ್ವ ಅದನ್ನು ಬಹಳ ಹೊತ್ತು ನೋಡಿ, "ನಾನೇ ಹೌದು ಇದು. ಯಾರಿಗೂ ತೋರಸಬ್ಯಾಡವ್ವ," ಎಂದಳು.

ಅವ್ವ ಹೋದ ಮೇಲೆ ಅಕ್ಕ ಬಂದು ನನ್ನ ಜೊತೆ ಉಳಿದಳು, ನನಗೆ ತಲೆ ಬಾಚಿದಳು, ಒತ್ತಾಯ ಮಾಡಿ ಉಣಿಸಿದಳು. ನಾನು ಆ ಕಾರ್ಡನ್ನು ಕೈಯಿಂದ ಬಿಡುತ್ತಿರಲಿಲ್ಲ. ಹೊರಡುವ ದಿನ ಆಕೆ ಜರಿಯ ಒಂದು ಹೊಸ ಕಾರ್ಡು ಕೊಟ್ಟು ಬದಲಿಗೆ ಅದನ್ನು ಕೇಳಿದಳು.

"ನಿನ್ನ ಹಂತ್ಯಾಕ ಇದ್ರ ನೀ ದಿನಾ ಅಳ್ಕೋತ ಕುಂದರ್ತಿ. ನನ್ನ ಹಂತ್ಯಾಕ ಇರಲಿ. ಬೇಕಾದಾಗ ಬಂದು ನೋಡು."

"ಯಾರಿಗೂ ತೋರಸಬ್ಯಾಡ ಅಂದಾಳ್ರಿ ಅಕ್ಕ, ಅವ್ವ."

"ನಾ ಯಾರಿಗಿ ತೋರಸ್ಲಿ?"

ಕೊಟ್ಟೆ. ಆಕೆಯ ಕಟ್ಟಳೆಯಂತೆ ಫೋಟೋ ಕೂಡ ತೆಗೆದುಕೊಳ್ಳಲಿಲ್ಲ.

ಕೆಲವು ತಿಂಗಳ ನಂತರ ನಮ್ಮ ಶಾಲೆಯ ಗಣಿತದ ಸರ್ ಕಲ್ಯಾಣದಿಂದ ಬಂದವರು ನನ್ನ ಬಳಿ ನಿಂತು, "ನಿಮ್ಮ ಅಕ್ಕಾರ ಚಿತ್ರಾ ಇಟ್ಟಾರಲ್ರಿ ಟೀಚರ್, ನೋಡಿ ಬಂದೀನಿ. ಅವರ ಅವ್ವಂದು ಒಂದದ, ಹಣಗಿ ಹಿಡ್ಕೊಂಡು ಕುಂತದ್ದು. ನಾನಂತೂ ಭಾಳ ಹೊತ್ತು ಅದರ ಮುಂದನೇ ನಿಂತಿದ್ದೆ," ಎಂದರು. ಪ್ರದರ್ಶನದ ವಿಷಯ ಅಕ್ಕ ನನಗೆ ಹೇಳಿಯೇ ಇರಲಿಲ್ಲ.

ಶಾಲೆ ಬಿಟ್ಟೊಡನೆ ಬಸ್ಸು ಹತ್ತಿದೆ. ಬೇರೆ ಯಾವುದೋ ಚಿತ್ರವಿರಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಬೇರೆಯದಾಗಿರಲಿಲ್ಲ. ಗೋಡೆಯ ನಟ್ಟನಡುವೆ, ಗಾಜಿನ ಚೌಕಟ್ಟಿನಲ್ಲಿ ನನ್ನ ಅವ್ವ. ಕೆಳಗೆ "ನನ್ನ ಅವ್ವ" ಎಂಬ ಚೀಟಿ, ಅದರಡಿ ಅಕ್ಕನ ಹೆಸರು. ಮೂಲೆಗೆ "ಮಾರಾಟವಾಗಿದೆ" ಎಂಬ ಇನ್ನೊಂದು ಚೀಟಿ. ಹಿಂಬದಿಯ ನನ್ನ ಹೆಸರು ಗೋಂದಿನೊಳಗೆ ಸೇರಿಹೋಗಿರಬೇಕು. ಅಕ್ಕ ನಾಲ್ಕೈದು ಜನರ ಮುಂದೆ ನಿಂತು ಹೇಳುತ್ತಿದ್ದಳು. "ಕೂದಲಾ ಒಂದೂ ಉಳಿದಿರ್ಲಿಲ್ರಿ. ಆದ್ರೂ ನಮ್ಮ ಅವ್ವ ಹಣಗಿ ಬಿಡಲಿಲ್ಲ." ನಾನು ಅಳುತ್ತ ಆಕೆಗೆ ಹೇಳಿದ್ದ ಮಾತುಗಳು ಅವು. ಆಕೆ ನನ್ನನ್ನು ನೋಡಿದಳು. ನೋಡಿಯೂ ಮಾತು ನಿಲ್ಲಿಸಲಿಲ್ಲ.

"ಇದು ನನ್ನ ಅವ್ವ," ಎಂದೆ ನಾನು. ದನಿ ಜೋರಾಗಿಯೇ ಬಂದಿತ್ತು.

ಎಲ್ಲರೂ ತಿರುಗಿದರು. ಅಕ್ಕ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಅವರಿಗೆ ಹೇಳಿದಳು, "ಈಕಿ ಅವ್ವನೂ ಮೊನ್ನೆ ಹೋಗ್ಯಾಳ್ರಿ, ಪಾಪ. ಯಾರನ್ನ ನೋಡಿದ್ರೂ ಅವ್ವನೇ ಅನಸ್ತದ."

ಅವರ ಕಣ್ಣುಗಳಲ್ಲಿ ನನಗಾಗಿ ಮರುಕ ತುಂಬಿತು. ಒಬ್ಬರು ಕೂರಲು ಕುರ್ಚಿ ಕೊಟ್ಟರು. ಆ ಮರುಕದ ಮುಂದೆ ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ.

ಹೊರಗೆ ಬಂದಾಗ ಕೇಳಿದೆ, "ನಿಮ್ಮ ಅವ್ವ ಇನ್ನಾ ಅದಾರಲ್ರಿ ಅಕ್ಕ. ನಾರಾಯಣಪುರದಾಗ ರೊಟ್ಟಿ ಬಡೀತಾ ಕುಂತಿರ್ತಾರ."

"ಇಲ್ಲಿ ಯಾರಿಗಿ ಗೊತ್ತದ?"

"ನನಗ ಗೊತ್ತದಲ್ರಿ."

"ನನ್ನ ಚಿತ್ರದ ಮುಂದ ಯಾರೂ ಹಿಂಗ ನಿಂತಿರ್ಲಿಲ್ಲ. ಒಬ್ಬರೂ," ಎಂದಳು. ಆಮೇಲೆ ದನಿ ಗಡುಸಾಯಿತು. "ಬದಲಿ ಮಾಡಿದ ಮ್ಯಾಲ ಅದು ನಂದೇ ಅಲ್ಲೇನು? ನೀನೇ ಕೊಟ್ಟಿದ್ದಿ." ಕೊಂಡವರು ಹೈದರಾಬಾದಿನವರು ಎಂದಷ್ಟೇ ಹೇಳಿದಳು, ವಿಳಾಸ ಹೇಳಲಿಲ್ಲ. ಮರುದಿನ ನಾನು ಹೋಗುವಷ್ಟರಲ್ಲಿ ಚೌಕಟ್ಟು ಅಲ್ಲಿರಲಿಲ್ಲ.

ಮತ್ತೆ ನಾವು ಮಾತಾಡಲಿಲ್ಲ. ರಾಜೇಶ್ವರದ ಬಳಿ ಒಂದೇ ಬಸ್ಸಿನಲ್ಲಿ ಎದುರುಬದುರಾದಾಗ ಆಕೆ ಕಿಟಕಿಯತ್ತ ತಿರುಗಿದಳು. ತಿರುಗಬೇಕಾದವಳು ನಾನಲ್ಲವೇ ಎನಿಸಿ ಇನ್ನಷ್ಟು ಉರಿಯಿತು.

ಎರಡು ವರ್ಷದ ಹಿಂದೆ ಅಕ್ಕ ಹೃದಯ ನಿಂತು ಹೋದಳು. ನಾನು ಮಣ್ಣಿಗೆ ಹೋಗಲಿಲ್ಲ. ಆಕೆಯ ಅವ್ವ ದಪ್ಪ ತುರುಬು ಬಿಚ್ಚಿಕೊಂಡು ಮಗಳ ತಲೆದೆಸೆಯಲ್ಲಿ ಕೂತಿದ್ದರು ಎಂದು ಗಣಿತದ ಸರ್ ಬಂದು ಹೇಳಿದರು. ಅಷ್ಟು ಹೇಳಿ ನನ್ನ ಮುಖ ನೋಡಿದರು.

ಈಗ ಮನೆಯಲ್ಲಿರುವ ಫೋಟೋಗಳಲ್ಲೆಲ್ಲ ಅವ್ವನ ತಲೆತುಂಬ ಕೂದಲು, ಹೂವು. ಆ ಮಧ್ಯಾಹ್ನದ ಅವ್ವನನ್ನು ಮತ್ತೆ ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಹಣಗಿ ಯಾವ ಕೈಯಲ್ಲಿತ್ತು, ಕುತ್ತಿಗೆ ಎತ್ತ ವಾಲಿತ್ತು... ನನಗೆ ಖಾತ್ರಿಯಿಲ್ಲ. ಪೆನ್ಸಿಲು ತಾನಾಗಿಯೇ ಕೂದಲು ಬರೆಯತೊಡಗುತ್ತದೆ. ಕೇಳಿದರೆ ಹೇಳಬಲ್ಲವಳು ಒಬ್ಬಳೇ ಇದ್ದಳು, ಆ ಕಾರ್ಡನ್ನು ನನ್ನಷ್ಟೇ ನೋಡಿದವಳು. ಆಕೆಯೂ ಇಲ್ಲ. ಹೈದರಾಬಾದಿನ ಯಾವುದೋ ಗೋಡೆಯ ಮೇಲೆ ನನ್ನ ಅವ್ವ ಈಗಲೂ ಆಕೆಯ ಅವ್ವನಾಗಿ ಕೂತಿದ್ದಾಳೆ.