ಕನೀಜ್ ಅಮ್ಮನ ಕೆರೆ ಸುತ್ತು

ಮಕ್ಕಳ ಕ್ಯಾನ್ಸರ್ ವಾರ್ಡಿನ ವ್ಯಾಯಾಮದ ಕೋಣೆಯಲ್ಲಿ, "ಹೆದರ್ಬೇಡ, ನೋಡು, ಹೀಗೆ" ಎನ್ನುತ್ತ ದೊಡ್ಡ ರಬ್ಬರ್ ಚೆಂಡಿನ ಮೇಲೆ ಕುಳಿತ ಕನೀಜ್ ಅಮ್ಮ ಮರುಕ್ಷಣ ನೆಲದ ಮೇಲಿದ್ದರು. ಅವರ ಒಂದು ಚಪ್ಪಲಿ ಹಾರಿಹೋಗಿ ತೂಕದ ಯಂತ್ರದ ಮೇಲೆ ತನ್ನ ತೂಕ ನೋಡಿಕೊಳ್ಳುತ್ತಿತ್ತು. ಎಂಟು ವರ್ಷದ ಮೊಮ್ಮಗಳು ಲುಬ್ನಾ ಒಂದು ತಿಂಗಳಲ್ಲಿ ಮೊದಲ ಸಲ ನಕ್ಕಳು.

ಕನೀಜ್ ಅಮ್ಮ ಪುಟ್ಟೇನಹಳ್ಳಿಯಲ್ಲಿ ಬಟ್ಟೆ ಹೊಲಿಯುವವರು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲುಗಳಿಗೆ ನಡೆಯುವ ಅಭ್ಯಾಸವೇ ಇರಲಿಲ್ಲ; ಹಾಲಿನ ಅಂಗಡಿಗೂ ಆಟೋ ಬೇಕು. ಆದರೆ ರಕ್ತದ ಕ್ಯಾನ್ಸರಿನ ಔಷಧಿಗಳು ಲುಬ್ನಾಳ ಹಸಿವನ್ನೂ ಸಕ್ಕರೆಯನ್ನೂ ಏರಿಸಿ, ಕಾಲಿನ ಶಕ್ತಿಯನ್ನು ಇಳಿಸಿಬಿಟ್ಟಿದ್ದವು. ಚಿಕಿತ್ಸೆಯ ಜೊತೆಗೆ ದಿನಾ ನಡೆಯಲೇಬೇಕು ಎಂದರು ಬಾಗಲಕೋಟೆ ಕಡೆಯ ಫಿಸಿಯೋ ಶೀತಲ್. ಮನೆಗೆ ಬಂದರೆ ಲುಬ್ನಾ ಹಾಸಿಗೆ ಬಿಟ್ಟು ಏಳಲೊಲ್ಲಳು.

"ನಾನಿ, ಕಾಲು ನೋಯುತ್ತೆ."

"ನಂದೂ ನೋಯುತ್ತೆ ಕಣೇ. ನಾಲ್ಕೂ ಒಟ್ಟಿಗೇ ನೋಯ್ಲಿ, ಬಾ."

ಮಾಸ್ಕ್ ಹಾಕಿಕೊಂಡು ಇಬ್ಬರೂ ಮನೆ ಹತ್ತಿರದ ಕೆರೆಯ ದಂಡೆಗೆ ಹೊರಟರು. ಮೊದಲು ಒಂದು ಬೆಂಚಿನವರೆಗೆ, ಆಮೇಲೆ ಅರ್ಧ ಸುತ್ತು, ಮೂರನೆಯ ತಿಂಗಳಿಗೆ ಪೂರ್ತಿ ಸುತ್ತು. ಸಕ್ಕರೆ ಹತೋಟಿಗೆ ಬಂತು. ಲುಬ್ನಾ ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತಿದಳು.

ಶೀತಲ್‌ಗೆ ಹಿಗ್ಗೋ ಹಿಗ್ಗು. ಹೊರಗೆ ಕಾಯುತ್ತಿದ್ದ ತಾಯಂದಿರನ್ನೆಲ್ಲ ಒಳಗೆ ಕರೆದು, "ಅಮ್ಮಾರ, ಇಷ್ಟು ದಣದ ಹುಡಿಗೀನ ಹ್ಯಾಂಗ ನಡಿಸಿದ್ರಿ? ಏನಂತ ಧೈರ್ಯ ಹೇಳ್ತಿದ್ರಿ? ಇವ್ರೂ ಕೇಳ್ಲಿ" ಎಂದರು.

ಕನೀಜ್ ಅಮ್ಮ ಸೆರಗು ಸರಿಮಾಡಿಕೊಂಡರು.

"ಏನೂ ಹೇಳ್ತಿರ್ಲಿಲ್ಲ ಡಾಕ್ಟ್ರಮ್ಮಾ. ಬೇಯಿಸಿದ ಮೊಟ್ಟೆ ಡಬ್ಬಿ ಹಿಡ್ಕೊಂಡು ನಾನು ಮುಂದೆ ಹೋಗ್ತಿದ್ದೆ, ಅಷ್ಟೇ."